ಓರೆ ಕಂಬಿಯ ಗಿಟಾರು

ನಮ್ಮ ಕಾರಾಂಗ್‌ದುವೊ ಹಳ್ಳಿಯಲ್ಲಿ ಗಿಟಾರು ಮಾಡದ ಗಂಡಸು ಸಿಗುವುದಿಲ್ಲ, ಗಿಟಾರಿನ ಬಗ್ಗೆ ಮಾತಾಡದ ಹೆಂಗಸೂ ಸಿಗುವುದಿಲ್ಲ. ನಾನು ಇವರಿಬ್ಬರ ನಡುವೆ ಗಿಟಾರಿಗೆ ಚೀಲ ಹೊಲಿದು ಬದುಕುವವಳು. ಚೀಲ ಹೊಲಿಯುವವಳಿಗೆ ಅಳತೆ ಕೊಡಲೇಬೇಕಲ್ಲ, ಹಾಗಾಗಿ ಯಾರ ಮನೆಯಲ್ಲಿ ಏನು ತಯಾರಾಗುತ್ತಿದೆ ಎಂಬುದು ಮೊದಲು ನನಗೆ ತಿಳಿಯುತ್ತದೆ, ಆಮೇಲೆ ದೇವರಿಗೆ. ವಾರ್ಸಿತೊನ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ. ಪಕ್ಕದ ಮನೆಯ ಬು ಗಿಯೆಮ್ ಹೇಳುವುದನ್ನು ನಂಬಬೇಡಿ; ನಮ್ಮಲ್ಲಿ ಹಿರಿಯ ಹೆಂಗಸರನ್ನು ಬು, ಗಂಡಸರನ್ನು ಪಾ ಎನ್ನುತ್ತೇವೆ, ಅಷ್ಟು ಮರ್ಯಾದೆ ಅವಳಿಗೆ ಸಾಕು.

ವಾರ್ಸಿತೊ ಎಂದರೆ ಪಾ ರೆಸೊ ಅವರ ಮನೆ ಅಳಿಯ. ಪಾ ರೆಸೊ ಎಂದರೆ ನಮ್ಮೂರಿನ ಅತಿ ಹಿರಿಯ ಗಿಟಾರು ಕಸುಬುದಾರ. ಅವರು ಕೆಮ್ಮಿದರೆ ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಉಳಿ ನಿಲ್ಲುತ್ತದೆ. ಅವರ ಕಾರ್ಖಾನೆಯ ಒಳಗೆ ಕಿಟಕಿಯ ಬೆಳಕಿಗೆ ಒಂದು ಹಳೆಯ ಬೆಂಚಿದೆ. ಅದರ ಮೇಲೆ ಪಾ ರೆಸೊ ಬಿಟ್ಟು ಬೇರೆಯವರು ಕೆಲಸ ಮಾಡುವ ಹಾಗಿಲ್ಲ. ಮದುವೆಯಾದ ದಿನದಿಂದ ವಾರ್ಸಿತೊ ಹೊರಗಿನ ಜಗಲಿಯಲ್ಲಿ, ಕೋಳಿಗಳ ಜೊತೆ ಕೂತು ಕೆಲಸ ಮಾಡುತ್ತಿದ್ದ. ಆ ಬೆಂಚೆಂದರೆ ಅವನಿಗೆ ಪ್ರಾಣ. ಹೆಂಡತಿ ಎಂದಾರ್‌ಳನ್ನು ನೋಡಲು ಬಂದ ದಿನವೂ ಅವನು ಹುಡುಗಿಗಿಂತ ಹೆಚ್ಚು ಹೊತ್ತು ಬೆಂಚನ್ನೇ ನೋಡಿದ್ದ ಎಂದು ಅವಳು ಈಗಲೂ ಹಂಗಿಸುತ್ತಾಳೆ.

ಕೈಯಲ್ಲಿ ಕಸುಬು ಇತ್ತು, ಸುಳ್ಳು ಹೇಳಬಾರದು. ಬಾಯಿ ಮಾತ್ರ ಕೈಗಿಂತ ನಾಲ್ಕು ಹೆಜ್ಜೆ ಮುಂದೆ.

ಹೀಗಿರುವಾಗ ಮಲಾಂಗ್ ಊರಿನಿಂದ ಗಲೀಹ್ ಎಂಬ ಹುಡುಗ ಮೋಟರ್ ಬೈಕಿನಲ್ಲಿ ಬಂದ. ಸೊಂಟದವರೆಗೆ ಕೂದಲು, ಅಂಗಿಯ ಮೇಲೆ ತಲೆಬುರುಡೆ, ಮಾತು ಮಾತ್ರ ಮದುಮಗಳಷ್ಟು ಮೆತ್ತಗೆ. ವೇದಿಕೆಯ ಮೇಲೆ ಗುಡುಗುವ ತಂಡದಲ್ಲಿ ಬಾರಿಸುತ್ತಾನಂತೆ. ಅವನಿಗೆ ಎಂಟು ತಂತಿಯ ಕರೆಂಟ್ ಗಿಟಾರು ಬೇಕಿತ್ತು, ಅದೂ ಓರೆ ಕಂಬಿಯದು. ದಪ್ಪ ತಂತಿಗೆ ಉದ್ದ ಹೆಚ್ಚು ಬೇಕು, ಇಲ್ಲದಿದ್ದರೆ ಸಡಿಲವಾಗಿ ಗೊಣಗುತ್ತದೆ. ತೆಳು ತಂತಿಗೆ ಅಷ್ಟು ಉದ್ದ ಕೊಟ್ಟರೆ ಬಿಗಿಯುವಾಗಲೇ ಕಿತ್ತುಹೋಗುತ್ತದೆ. ಆದ್ದರಿಂದ ಒಂದೇ ಗಿಟಾರಿನಲ್ಲಿ ಒಂದು ಅಂಚು ಉದ್ದ, ಇನ್ನೊಂದು ಅಂಚು ಗಿಡ್ಡ. ಕತ್ತಿನ ಮೇಲೆ ಬೆರಳೊತ್ತುವ ಹಿತ್ತಾಳೆ ಕಂಬಿಗಳಲ್ಲಿ ನಡುವಿನದೊಂದು ನೇರ, ಉಳಿದವೆಲ್ಲ ಬೀಸಣಿಗೆಯ ಕಡ್ಡಿಗಳಂತೆ ಅತ್ತ ಇತ್ತ ಓರೆ. ಹುಡುಗ ಗಿಟಾರಿನಷ್ಟೇ ದೊಡ್ಡ ಕಾಗದದ ಮೇಲೆ ನಕ್ಷೆ ತಂದಿದ್ದ. ಒಡಲು ಕವಲು ಬಾಲದ ಹಕ್ಕಿಯ ಹಾಗೆ, ಎರಡು ಕಡೆಯೂ ಒಂದೇ ಸಮ.

ಪಾ ರೆಸೊ ನಕ್ಷೆ ನೋಡಿ, "ಇದನ್ನ ಬರೆದೋನು ಬಸ್ಸಲ್ಲಿ ಕೂತು ಬರೆದಿರ್ಬೇಕು" ಎಂದು ಒಳಗೆ ಹೋದರು. ವಾರ್ಸಿತೊ ಒಪ್ಪಿಕೊಂಡ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಶುಂಠಿ ಕಷಾಯದ ಅಂಗಡಿಯಲ್ಲಿ ಕೂತು ಅವನು ಹತ್ತು ಜನರ ಮುಂದೆ ಬಾಯಿ ಬಿಟ್ಟ.

"ಕಂಬಿ ನೇರಾನೇ ಇರ್ಬೇಕು ಅಂತ ಯಾವ ಕಾನೂನಿದೆ ಹೇಳಿ? ನಮ್ ಮಾವನ ಕಾಲದಲ್ಲಿ ಅವರಿಗೆ ನೇರ ಗೆರೆ ಬಿಟ್ರೆ ಬೇರೆ ಎಳೆಯೋಕೆ ಬರ್ತಿರ್ಲಿಲ್ಲ, ಪಾಪ. ಅದನ್ನೇ ಶಾಸ್ತ್ರ ಅಂದ್ರು."

ಅವನ ಲೋಟ ತಣ್ಣಗಾಗುವ ಮೊದಲೇ ಆ ಮಾತು ಪಾ ರೆಸೊ ಅವರ ಕಿವಿ ಮುಟ್ಟಿತು. ಅವರು ಬೀದಿಗೇ ಬಂದರು.

"ಅಳಿಯಂದ್ರೇ," ಎಂದರು. ಅವರು ಬಹುವಚನ ಬಳಸಿದರೆ ಎಲ್ಲರೂ ಚಪ್ಪಲಿ ಹುಡುಕಿಕೊಳ್ಳುತ್ತಾರೆ. "ಆ ಹುಡುಗ ಗಿಟಾರು ತಗೊಳ್ಳೋಕೆ ಬರೋ ಭಾನುವಾರ ಊರೋರೆಲ್ಲ ನಮ್ಮ ಅಂಗಳದಲ್ಲಿ ಕೂತ್ಕೊಳ್ಳಲಿ. ನಿಮ್ಮ ವಕ್ರ ಗಿಟಾರು ಮೊದಲ ಕಂಬಿಯಿಂದ ಕೊನೇ ಕಂಬಿ ತನಕ ಶ್ರುತಿಯಲ್ಲಿ ನುಡೀತು ಅಂದ್ರೆ, ಕಿಟಕಿ ಪಕ್ಕದ ಬೆಂಚು ನಿಮ್ದು. ನಾನು ಜಗಲೀಲಿ ಕೋಳಿ ಕಾಯ್ತೀನಿ. ನುಡೀಲಿಲ್ಲ ಅಂದ್ರೆ ಅವತ್ತೇ ಜೆಪಾರಾ ಬಸ್ಸು ಹತ್ತಿ."

ಜೆಪಾರಾದಲ್ಲಿ ವಾರ್ಸಿತೊನ ಷಡ್ಡಕನ ಕುರ್ಚಿ ಅಂಗಡಿ ಇದೆ. ಒಂದು ಸಲ ಅವನು ಅಲ್ಲಿ ಕುರ್ಚಿ ಕಾಲುಗಳಿಗೆ ವಾರ್ನಿಷ್ ಬಳಿಯಲು ಹೋಗಿ, ಮೊಣಕೈವರೆಗೆ ಗುಳ್ಳೆ ಎದ್ದು, ಅಳುತ್ತಾ ವಾಪಸು ಬಂದಿದ್ದ.

ಇನ್ನು ಅವನು ಹಿಂದೆ ಸರಿಯುವಂತಿರಲಿಲ್ಲ. ಕೆಲಸ ಶುರುವಾಯಿತು. ಉಸಿರು ಬಿಗಿಹಿಡಿದು ಕತ್ತಿನ ಮರದಲ್ಲಿ ಒಂದೊಂದೇ ಸೀಳು ಕೊಯ್ದ. ಕಂಬಿ ಕೂರಿಸಿದ. ಊರಿಗೆ ಊರೇ ಜಗಲಿಗೆ ಬಂದು ಇಣುಕಿ, "ಅಯ್ಯೋ, ಓರೆ!" ಎಂದು ಹೇಳಿ ಹೋಯಿತು. ಬು ಗಿಯೆಮ್ ತಲೆ ವಾಲಿಸಿ ನೋಡಿದಳು, ಕತ್ತು ಉಳುಕಿಸಿಕೊಂಡಳು. ಕೇರಿಯ ಮುಖಂಡ ಪಾ ಜುವಾದಿ ಗಾರೆಯವರ ರಸಮಟ್ಟ ತಂದು ಇಟ್ಟು ನೋಡಿ, "ಅಧಿಕೃತವಾಗಿ ಓರೆ" ಎಂದರು. ಓರೆ ಎಂದು ಎಲ್ಲರೂ ಹೇಳಿದರು. ಯಾವ ಕಡೆಗೆ ಓರೆ ಎಂದು ಒಬ್ಬರೂ ಕೇಳಲಿಲ್ಲ.

ಭಾನುವಾರಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ, ಮಧ್ಯಾಹ್ನ ವಾರ್ಸಿತೊ ಲುಂಗಿಯಲ್ಲಿ ಸುತ್ತಿದ ಗಿಟಾರನ್ನು ಮಗುವಿನ ಹಾಗೆ ಎತ್ತಿಕೊಂಡು ನನ್ನ ಮನೆಗೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ; ಇದ್ದದ್ದು ಕೆನ್ನೆಯ ಮೇಲೆ, ಒಂದು ಕೆಂಪು ಬರೆಯಲ್ಲಿ.

"ಬು ಸಿಸ್ಮಿ, ಬಾಗಿಲು ಹಾಕಿ."

"ಹಾಡುಹಗಲಲ್ಲಿ ವಿಧವೆ ಮನೆ ಬಾಗಿಲು ಹಾಕಿಸ್ತೀಯೇನೋ? ಗಿಯೆಮ್‌ಗೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಗುತ್ತೆ."

"ತಮಾಷೆ ಬೇಡ ಅಕ್ಕಾ. ಇದನ್ನ ಹಿಡ್ಕೊಂಡು ನೋಡಿ."

ಲುಂಗಿ ಬಿಚ್ಚಿದ. ನಿಜ ಹೇಳುತ್ತೇನೆ, ಇಷ್ಟು ವರ್ಷ ಚೀಲ ಹೊಲಿದಿದ್ದೇನೆ, ಅಷ್ಟು ಚೆಂದದ ಗಿಟಾರು ನನ್ನ ಮಡಿಲಿಗೆ ಬಂದಿರಲಿಲ್ಲ. ಎಲ್ಲರ ಹಾಗೆ ಬಲತೊಡೆಯ ಮೇಲೆ ಇಟ್ಟುಕೊಂಡೆ. ಗಲ್ಲದ ಹತ್ತಿರ ಬರಬೇಕಾದ ದಪ್ಪ ತಂತಿ ಕೆಳಗೆ ಮೊಣಕಾಲಿನ ಕಡೆ ಇತ್ತು.

"ದಪ್ಪದ್ದು ಕೆಳಗ್ಯಾಕೆ ಬಂತೋ?"

"ಉದ್ದ ಅಂಚು ಆ ಕಡೆಗಿದೆ."

"ಯಾಕಿದೆ?"

ಅವನು ನೆಲ ನೋಡಿದ. ನಮ್ಮೂರಲ್ಲಿ ನಕ್ಷೆಯನ್ನು ಮರದ ಮೇಲೆ ಇಳಿಸುವ ಕ್ರಮ ಎಲ್ಲರಿಗೂ ಗೊತ್ತು. ಗೆರೆ ಎಳೆದ ಮುಖಕ್ಕೆ ಗಂಜಿ ಬಳಿದು, ಕಾಗದವನ್ನು ಮಗುಚಿ ಮರಕ್ಕೆ ಅಂಟಿಸುತ್ತಾರೆ. ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಕಾಗದ ಉಜ್ಜಿ ತೆಗೆದರೆ ಶಾಯಿ ಮರದಲ್ಲಿ ಉಳಿಯುತ್ತದೆ. ಅಜ್ಜಂದಿರ ಕಾಲದ ಗುಂಡು ಹೊಟ್ಟೆಯ ಗಿಟಾರು ಎಡಬಲ ಒಂದೇ ತರಹ ಇರುತ್ತಿತ್ತು, ನಕ್ಷೆ ಮಗುಚಿ ಬಂದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಹಳಬರಿಗೆ ಹೊಸದು ಗೊತ್ತಿಲ್ಲ ಎಂದು ಜಂಬ ಕೊಚ್ಚಿದ ಈ ಮಹಾಶಯ, ಹೊಸ ಗಿಟಾರಿನ ನಕ್ಷೆಯನ್ನು ಹಳಬರ ಹಾಗೆಯೇ ಮಗುಚಿ ಅಂಟಿಸಿದ್ದ. ಇಡೀ ಗಿಟಾರು ಕನ್ನಡಿಯೊಳಗಿನದಾಗಿತ್ತು.

"ತಂತಿ ಅದಲು ಬದಲು ಮಾಡೋ."

"ಮಾಡ್ದೆ. ದಪ್ಪದ್ದು ಗಿಡ್ಡ ಅಂಚಿಗೆ ಬಂದು ಬಟ್ಟೆ ಒಣಹಾಕೋ ಹಗ್ಗದ ಥರ ಜೋತಾಡ್ತು. ತೆಳೂದು ಉದ್ದ ಅಂಚಲ್ಲಿ ಕಿತ್ತು ಬಂದು ಇಲ್ಲಿ ಬಾರಿಸ್ತು," ಎಂದು ಕೆನ್ನೆ ತೋರಿಸಿದ. "ಇದು ಎಡಚರ ಗಿಟಾರು ಅಕ್ಕಾ. ಎಡಗೈಯೋರು ತಿರುಗಿಸಿ ಹಿಡಿದ್ರೆ ಒಂದು ಸ್ವರ ತಪ್ಪಲ್ಲ. ಮಾವ ಶ್ರುತೀಲಿ ನುಡೀಬೇಕು ಅಂದ್ರು, ಯಾವ ಕೈಯಲ್ಲಿ ಅಂತ ಅನ್ಲಿಲ್ಲ. ಭಾನುವಾರ ಒಬ್ಬ ಎಡಚ ಬಂದು ನುಡಿಸಿಬಿಟ್ರೆ ಬೆಂಚು ಉಳಿಯುತ್ತೆ. ಆ ಹುಡುಗನ ಕಾಲಿಗೆ ಬಿದ್ದಾದ್ರೂ ಬೇರೆ ಮಾಡಿಕೊಡ್ತೀನಿ." ಆಮೇಲೆ ಇನ್ನೂ ಹತ್ತಿರ ಬಂದು ಪಿಸುಗುಟ್ಟಿದ. "ನಿಮ್ಮ ಕಡೆ ಯಾರಾದ್ರೂ ಎಡಚರಿದಾರಾ?"

ನನಗೆ ಎಲ್ಲಿತ್ತೋ ಸಿಟ್ಟು. ಎಡಗೈಯಲ್ಲಿ ಕೊಟ್ಟರೆ ಭಿಕ್ಷುಕನೂ ಮುಖ ತಿರುಗಿಸುವ ಊರು ನಮ್ಮದು. ಮಗು ಎಡಗೈಯಲ್ಲಿ ತುತ್ತೆತ್ತಿದರೆ ಅದಕ್ಕೆ ಮೆಣಸಿನಕಾಯಿ ಹಚ್ಚುತ್ತಾರೆ, ಇಲ್ಲವೇ ಕೈಯನ್ನು ಸೊಂಟಕ್ಕೆ ಕಟ್ಟುತ್ತಾರೆ. ಹಾಗಾಗಿ ಎಡಚರು ಯಾರೂ ಉಳಿದಿಲ್ಲ. ಉಳಿದಿದ್ದರೂ ತಮಗೇ ಗೊತ್ತಿಲ್ಲ.

"ನಮ್ಮ ಮನೆತನದಲ್ಲಿ ಅಂಥೋರು ಯಾರೂ ಇಲ್ಲ! ನಿನ್ನ ಕಡೆ ಹುಡುಕ್ಕೋ ಹೋಗು!" ಎಂದು ಕೂಗಿದೆ. ಬಾಗಿಲು ಹಾಕಿದ್ದರೂ ಗೋಡೆ ಬಿದಿರಿನದು.

ಅಂದು ಸಂಜೆ ಪಾ ಜುವಾದಿ ಅವರ ಮನೆಗೆ ಹೊಸ ಹೆಂಚು ಹೊದಿಸಿದ ಸಂತೋಷಕ್ಕೆ ಪ್ರಾರ್ಥನೆಯ ಊಟವಿತ್ತು. ಗಂಡಸರು ಚಾಪೆಯ ಮೇಲೆ ಸುತ್ತ ಕೂತಿದ್ದರು. ನಾವು ಹೆಂಗಸರು ಅಡುಗೆಮನೆ ಬಾಗಿಲಿನ ಪರದೆಯ ಸಂದಿಯಿಂದ ನೋಡುತ್ತಿದ್ದೆವು. ಎಲ್ಲರೂ ಕಣ್ಣು ಮುಚ್ಚಿ ಕೈ ಚಾಚಿದ್ದರು, ವಾರ್ಸಿತೊ ಮಾತ್ರ ಕಣ್ಣು ಬಿಟ್ಟುಕೊಂಡು ಒಬ್ಬೊಬ್ಬರ ಕೈಯನ್ನೂ ಕಳ್ಳ ನೋಡಿದ ಹಾಗೆ ನೋಡುತ್ತಿದ್ದ. ಊಟ ಶುರುವಾಯಿತು. ಎಲ್ಲರೂ ಬಲಗೈ. ಅವನಿಗೆ ಗಾಬರಿ ಹೆಚ್ಚಿತು. ಸಭ್ಯವಾಗಿ ನೋಡಿದರೆ ಗುಟ್ಟು ಹೊರಬೀಳುವುದಿಲ್ಲ, ಥಟ್ಟನೆ ಹಿಡಿಯಬೇಕು ಎಂದು ಹೊಳೆಯಿತು. ಬುಟ್ಟಿಯಿಂದ ಮುಳ್ಳು ಸಿಪ್ಪೆಯ ಒಂದು ಸಲಾಕ್ ಹಣ್ಣು ಎತ್ತಿ, "ಪಾ ಜುವಾದಿ, ಹಿಡೀರಿ!" ಎಂದು ಎಸೆದೇಬಿಟ್ಟ.

ಪಾ ಜುವಾದಿ ಯಾವ ಕೈಯಲ್ಲೂ ಹಿಡಿಯಲಿಲ್ಲ. ಹಣೆಯಲ್ಲಿ ಹಿಡಿದರು.

"ಏನಯ್ಯಾ ಇದು?" ಎಂದು ಹಣೆ ಉಜ್ಜಿಕೊಳ್ಳುತ್ತಾ ಎದ್ದರು. ಅಷ್ಟರಲ್ಲಿ ಇನ್ನೂ ಇಬ್ಬರ ಕಡೆಗೆ ಹಣ್ಣು ಹಾರಿತ್ತು.

"ಯಾವ ಕೈ ಮುಂದೆ ಬರುತ್ತೆ ಅಂತ ನೋಡ್ತಿದ್ದೆ ಅಷ್ಟೇ," ಎಂದ ವಾರ್ಸಿತೊ.

ಪಾ ರೆಸೊ ಅರ್ಧ ಊಟ ಬಿಟ್ಟು, ಯಾರಿಗೂ ಹೇಳದೆ ಎದ್ದು ನಡೆದರು. ಅಳಿಯನಿಂದಾದ ಅವಮಾನ ಎಂದು ನಾವೆಲ್ಲ ನಾಲಿಗೆ ಲೊಚಗುಟ್ಟಿದೆವು.

ಬೆಳಗಾಗುವಷ್ಟರಲ್ಲಿ ಸುದ್ದಿಗೆ ರೆಕ್ಕೆ ಬಂದಿತ್ತು. ನಾನು ಬು ಗಿಯೆಮ್ ಒಬ್ಬಳಿಗೆ, ಅದೂ ಯಾರಿಗೂ ಹೇಳಬೇಡ ಎಂದು, ವಾರ್ಸಿತೊ ಎಡಚರನ್ನು ಹುಡುಕುತ್ತಿದ್ದಾನೆ ಎಂದಷ್ಟೇ ಹೇಳಿದ್ದೆ. ಮೀನಿನವಳ ಬಾಯಲ್ಲಿ ಅದು ವಕ್ರ ಗಿಟಾರಿಗೆ ದೆವ್ವ ಹೊಕ್ಕಿದೆ ಎಂದಾಯಿತು. ಸೋಯಾ ಕಾಳಿನ ತೆಂಪೆ ಬಿಲ್ಲೆ ಮಾರುವವನ ಬಾಯಲ್ಲಿ, ಅದು ಎಡಚನ ಕೈ ಕೇಳುತ್ತಿದೆ ಎಂದಾಯಿತು. ಮಸೀದಿಯ ಬಾವಿಕಟ್ಟೆ ತಲುಪುವಾಗ ಕಿರುಬೆರಳೊಂದನ್ನು ಗಿಟಾರಿನ ಒಡಲಲ್ಲಿ ಹೂಳಬೇಕಂತೆ ಎಂದೂ ತೀರ್ಮಾನವಾಗಿತ್ತು. ತಾಯಂದಿರು ಮಕ್ಕಳ ಎಡಗೈಯನ್ನು ಜೇಬಿನೊಳಗೆ ತುರುಕಿ ಗುಂಡಿ ಹಾಕಿದರು. ಆ ಶನಿವಾರದ ವಾಲಿಬಾಲ್ ಪಂದ್ಯವನ್ನು ಎರಡೂ ತಂಡದವರು ಬಲಗೈಯಲ್ಲೇ ಆಡಿದರು, ಚೆಂಡು ಮೂರು ಸಲ ಗದ್ದೆಗೆ ಬಿತ್ತು, ಸ್ಕೋರು ಮಾತ್ರ ಏರಲಿಲ್ಲ.

ಪಾ ಜುವಾದಿ ಹಣೆಗೆ ಪಟ್ಟಿ ಹಾಕಿಕೊಂಡು, ಕಾವಲು ಕಟ್ಟೆಯ ಮೈಕಿನಲ್ಲಿ ಘೋಷಿಸಿದರು. "ನಾಗರಿಕರೇ, ನಮ್ಮ ಕೇರಿಯಲ್ಲಿ ಎಡಚರು ಯಾರೂ ಇಲ್ಲ. ಹಿಂದೆ ಇರಲಿಲ್ಲ. ಮುಂದೆ ಹುಟ್ಟುವುದಿದ್ದರೂ ನನಗೆ ತಿಳಿಸಿ ಹುಟ್ಟತಕ್ಕದ್ದು."

ಆಮೇಲೆ ವಾರ್ಸಿತೊನ ಜಗಲಿಗೆ ವಿಚಾರಣೆಗೆ ಬಂದರು.

"ಇದು ಯಾವ ಪಂಥವಯ್ಯಾ? ಸರ್ಕಾರಕ್ಕೆ ಗೊತ್ತಿರೋದಾ?"

"ಪಂಥ ಅಲ್ಲ ಪಾ, ಗಿಟಾರು."

"ಗಿಟಾರಿಗೆ ಬೆರಳ್ಯಾಕೆ ಬೇಕು?"

"ಬೆರಳಿಲ್ದೆ ಹೆಂಗೆ ನುಡಿಸ್ತಾರೆ?"

"ನೋಡಿದ್ರಾ, ತಾನೇ ಒಪ್ಕೊಂಡ!" ಎಂದು ಪಾ ಜುವಾದಿ ನೆರೆದವರ ಕಡೆ ತಿರುಗಿದರು. ಜನ ಒಂದು ಹೆಜ್ಜೆ ಹಿಂದೆ ಸರಿದರು.

ಒಳಗೆ ಎಂದಾರ್ ಗಂಡನ ಚೀಲ ಕಟ್ಟುತ್ತಿದ್ದಳು. ಎರಡು ಅಂಗಿ, ಒಂದು ಲುಂಗಿ, ವಾರ್ನಿಷ್ ಗುಳ್ಳೆಗೆ ಮುಲಾಮು. ನಾನು ಅಳತೆ ತೆಗೆಯುವ ನೆಪದಲ್ಲಿ ಹೋಗಿದ್ದೆ.

"ಈಗಲೇ ಯಾಕೆ ಕಟ್ತೀಯೇ?" ಎಂದೆ.

"ಅಪ್ಪ ಕೊಟ್ಟ ಮಾತು ತಪ್ಪೋರಲ್ಲ ಬು. ಇವರು ತಪ್ಪು ಮಾಡೋದು ಬಿಡೋರಲ್ಲ," ಎಂದಳು. ಮುಲಾಮಿನ ಡಬ್ಬಿಯನ್ನು ಒಮ್ಮೆ ತೆಗೆದಳು, ಮತ್ತೆ ಇಟ್ಟಳು. ನಾನು ಅಳತೆ ತೆಗೆಯದೆಯೇ ವಾಪಸು ಬಂದೆ.

ಭಾನುವಾರ ಬಂತು. ಅಂಗಳದಲ್ಲಿ ಚಾಪೆ ಹಾಸಿದರು. ಊರಿಗೆ ಊರೇ ಎಡಗೈ ಮುಚ್ಚಿಕೊಂಡು ಬಂದು ಕೂತಿತು. ಕೆಲವರು ಬೆನ್ನ ಹಿಂದೆ, ಕೆಲವರು ತೊಡೆಯ ಕೆಳಗೆ, ಬು ಗಿಯೆಮ್ ಸೆರಗಿನೊಳಗೆ. ಗಲೀಹ್ ಬೈಕಿಗೆ ದೊಡ್ಡ ಧ್ವನಿಪೆಟ್ಟಿಗೆ ಕಟ್ಟಿಕೊಂಡು ಬಂದ, ಎಲ್ಲ ಹಿರಿಯರ ಮುಂದೆಯೂ ಬಾಗಿ ನಮಸ್ಕರಿಸಿದ. ಪಾ ರೆಸೊ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ವಾರ್ಸಿತೊ ಗಿಟಾರು ತಂದುಕೊಟ್ಟ.

ಹುಡುಗ ಅದನ್ನು ಹಿಡಿದ. ನಕ್ಕ. ನಗು ಅರ್ಧಕ್ಕೆ ನಿಂತಿತು. ಬೆರಳುಗಳು ಕತ್ತಿನ ಮೇಲೆ ಅತ್ತ ಹೋದವು, ಇತ್ತ ಬಂದವು, ದಾರಿ ಸಿಗಲಿಲ್ಲ.

"ಮಾಸ್..." ಎಂದ ಮೆತ್ತಗೆ, ಅಣ್ಣಾ ಎನ್ನುವ ಹಾಗೆ. "ಇದು ನನ್ನ ನಕ್ಷೇನಾ?"

"ನಿಮ್ಮದೇ," ಎಂದ ವಾರ್ಸಿತೊ. "ಹಿಂದುಗಡೆಯಿಂದ."

ಯಾರೋ ಕಿಸಕ್ಕೆಂದರು. ಪಾ ರೆಸೊ ಕೈ ಬಿಚ್ಚಲಿಲ್ಲ. "ಎಲ್ಲರಿಗೂ ಕೇಳೋ ಹಾಗೆ ಹೇಳಿ, ಅಳಿಯಂದ್ರೇ."

ಆಗ ವಾರ್ಸಿತೊ ನಿಂತು ಹೇಳಿದ. ಅವನ ಬಾಯಲ್ಲಿ ಜಂಬವಿಲ್ಲದ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಕಾಗದ ಮಗುಚಿ ಅಂಟಿಸ್ದೆ. ತಪ್ಪು ನಂದೇ. ಇದು ಎಡಚರ ಗಿಟಾರು ಆಗ್ಹೋಯ್ತು. ಆದ್ರೆ ಶ್ರುತಿ ಸರಿಯಿದೆ, ಆಣೆ ಮಾಡ್ತೀನಿ. ಯಾರಾದ್ರೂ ಒಬ್ಬರು ಎಡಗೈಲಿ ನುಡಿಸಿ ನೋಡಿ. ಬೆರಳು ಯಾರೂ ಕಡಿಯಲ್ಲ. ದಯವಿಟ್ಟು."

ಒಂದು ಕೈಯೂ ಹೊರಬರಲಿಲ್ಲ. ಹೊಳೆಯ ಆಚೆಯ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು. ಎಂದಾರ್ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು.

"ನಮ್ಮಲ್ಲಿ ಅಂಥೋರಿಲ್ಲ ಅಂತ ಮೈಕಲ್ಲಿ ಹೇಳಿ ಆಗಿದೆ," ಎಂದರು ಪಾ ಜುವಾದಿ. "ಇನ್ನು ಬದಲಾಯಿಸೋಕಾಗಲ್ಲ."

ವಾರ್ಸಿತೊ ಕೊನೆಗೆ ತಾನೇ ಗಿಟಾರನ್ನು ತಿರುಗಿಸಿ ಹಿಡಿದು ಎಡಗೈಯಿಂದ ಮೀಟಿದ. ಧ್ವನಿಪೆಟ್ಟಿಗೆಯಿಂದ ಗಾರೆ ಗೋಡೆ ಕುಸಿದಂಥ ಸದ್ದು ಬಂತು. ಕೋಳಿಗಳು ಮಾಡು ಹತ್ತಿದವು, ಬು ಗಿಯೆಮ್ ದೇವರ ಹೆಸರು ಹೇಳಿದಳು. ಅವನು ಇನ್ನೊಮ್ಮೆ ಮೀಟಿದ. ಇನ್ನೂ ಕೆಟ್ಟದಾಗಿತ್ತು.

"ಮುಗೀತು," ಎಂದರು ಪಾ ಜುವಾದಿ. "ಶ್ರುತಿ ಇಲ್ಲ ಅಂತ ದಾಖಲಾಯ್ತು. ಎಲ್ಲರೂ ಏಳಬಹುದು."

ಜನ ಎದ್ದರು. ವಾರ್ಸಿತೊ ಗಿಟಾರನ್ನು ಚಾಪೆಯ ಮೇಲೆ ಇಟ್ಟು ಹೆಂಡತಿಯ ಕೈಯಿಂದ ಚೀಲ ತೆಗೆದುಕೊಂಡ.

"ಕೂತ್ಕೊಳ್ರೋ," ಎಂದರು ಪಾ ರೆಸೊ.

ಎಲ್ಲರೂ ಕೂತರು. ಅವರು ಸುಮ್ಮನಿದ್ದಿದ್ದರೆ ಬೆಂಚು ಅವರದೇ ಆಗಿರುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಕುರ್ಚಿಯಲ್ಲಿ ಎರಡು ಸಲ ಏಳಲು ಹೋಗಿ ಎರಡು ಸಲ ಕೂತರು. ಮೂರನೆಯ ಸಲ ಎದ್ದೇ ಬಂದರು.

"ಶ್ರುತಿ ತಪ್ಪಿಲ್ಲ. ಈ ಪೆದ್ದನ ಕೈ ತಪ್ಪಿದೆ," ಎಂದರು. "ಆ ಪೆಟ್ಟಿಗೆ ಸ್ವಲ್ಪ ಮೆತ್ತಗೆ ಮಾಡಪ್ಪಾ ಹುಡುಗ, ಕೋಳಿ ಮೊಟ್ಟೆ ಇಡೋದು ಬಿಟ್ಟಾವು."

ಚಾಪೆಯ ಮೇಲೆ ಕೂತರು. ಗಿಟಾರನ್ನು ಎತ್ತಿ ಎಡತೊಡೆಯ ಮೇಲೆ ಇಟ್ಟುಕೊಂಡರು. ಬಲಗೈ ಕತ್ತನ್ನು ಹಿಡಿಯಿತು, ಎಡಗೈ ತಂತಿಯ ಮೇಲೆ ಇಳಿಯಿತು. ಮೊದಲ ಕಂಬಿಯಿಂದ ಒಂದೊಂದೇ ಸ್ವರ, ದಪ್ಪ ತಂತಿಯಿಂದ ತೆಳು ತಂತಿಯವರೆಗೆ, ಎಲ್ಲ ಕಂಬಿಗಳ ಮೇಲೂ ನಡೆದು ಮುಗಿಸಿದರು. ಒಂದೂ ಅಲುಗಲಿಲ್ಲ. ಆಮೇಲೆ ನಮ್ಮ ಅಜ್ಜಿಯರ ಕಾಲದ ಒಂದು ಕೆರೊಂಚೊಂಗ್ ಹಾಡಿನ ಧಾಟಿ ನುಡಿಸಿದರು. ಅಲ್ಲಲ್ಲಿ ಬೆರಳು ಎಡವಿತು, ನಿಲ್ಲಲಿಲ್ಲ. ತಲೆಬುರುಡೆ ಅಂಗಿಯ ಹುಡುಗ ಕೂದಲಿನಲ್ಲಿ ಮುಖ ಮುಚ್ಚಿಕೊಂಡು ಕೇಳುತ್ತಿದ್ದ.

ಮೊದಲು ಬಾಯಿ ಬಿಟ್ಟವರು ಅವರ ಹೆಂಡತಿ. "ಇಷ್ಟು ವರ್ಷ ನನ್ನೆದುರು ಕೂತು ಉಂಡಿದ್ದು ಯಾವ ಕೈ ಹಾಗಾದ್ರೆ?"

"ನಿಂಗೆ ಇಷ್ಟವಾದ ಕೈ ಕಣೇ, ಸುಮ್ನಿರು," ಎಂದರು ಪಾ ರೆಸೊ. ಆಮೇಲೆ ಯಾರನ್ನೂ ನೋಡದೆ ಹೇಳಿದರು. "ನಮ್ಮಮ್ಮ ಈ ಕೈನ ಕಂಬಕ್ಕೆ ಕಟ್ಟಿ ಹಾಕ್ತಿದ್ಲು. ಅವಳು ಗದ್ದೆಗೆ ಹೋದಾಗ ಬಿಚ್ಕೊಂಡು ಅಪ್ಪನ ಗಿಟಾರು ತಿರುಗಿಸಿ ನುಡಿಸ್ತಿದ್ದೆ. ಆಮೇಲೆ ಬಿಟ್ಟೆ. ಊರಿಗೆಲ್ಲ ಗಿಟಾರು ಮಾಡಿಕೊಟ್ಟೆ, ನಂಗೆ ಅಂತ ಒಂದು ಮಾಡ್ಕೊಳ್ಳೋಕೆ ನಾಚ್ಕೆ ಆಯ್ತು."

ಬು ಗಿಯೆಮ್ ಸೆರಗಿನೊಳಗಿಂದ ಎಡಗೈ ತೆಗೆದು ಮೂಗು ಒರೆಸಿಕೊಂಡಳು. ಅವಳೂ ಎಡಚಿಯೇ ಎಂದು ನನಗೆ ಅಂದಿನಿಂದ ಅನುಮಾನ.

"ಮಾಸ್, ನಂಗೂ ಇಂಥದ್ದೇ ಬೇಕು," ಎಂದ ಗಲೀಹ್. "ಎಷ್ಟು ದಿನ ಬೇಕಾದ್ರೂ ಕಾಯ್ತೀನಿ. ಕಾಗದ ಮಾತ್ರ ನಾನೇ ಅಂಟಿಸ್ತೀನಿ."

ಪಾ ಜುವಾದಿ ಮುಖ ಬಾಡಿತ್ತು. "ಪಾ ರೆಸೊ, ನಾನು ಮೈಕಲ್ಲಿ ಹೇಳಿಬಿಟ್ಟಿದೀನಲ್ಲ, ಈಗೇನ್ ಮಾಡ್ಲಿ?"

"ಇನ್ನೊಂದ್ಸಲ ಹೇಳು. ಎಡಚ ಒಬ್ಬನಿದಾನೆ, ತಿಳಿಸದೇ ಹುಟ್ಬಿಟ್ಟಿದಾನೆ ಅಂತ."

ವಾರ್ಸಿತೊ ಚೀಲ ಹಿಡಿದು ನಿಂತಲ್ಲೇ ನಿಂತಿದ್ದ. ಪಾ ರೆಸೊ ಬಲಗೈಯನ್ನು ಗಿಟಾರಿನ ಕತ್ತಿನಿಂದ ತೆಗೆಯಲಿಲ್ಲ. ಇನ್ನು ಅದನ್ನು ಯಾರಿಗೂ ಕೊಡುವ ಹಾಗೆ ಕಾಣಲಿಲ್ಲ. ಎಡಗೈಯನ್ನು ಸೊಂಟಕ್ಕೆ ಹಾಕಿ ಬೆಂಚಿರುವ ಕಾರ್ಖಾನೆಯ ಕೀಲಿ ಬಿಚ್ಚಿ, ಅದನ್ನು ಎಡಗೈಯಲ್ಲೇ ಅಳಿಯನ ಕಡೆ ಚಾಚಿದರು. ಪಾ ಜುವಾದಿ ಅಭ್ಯಾಸಬಲದಿಂದ "ಪಾ, ಎಡಗೈ..." ಎಂದರು. ವಾರ್ಸಿತೊ ಚೀಲವನ್ನು ಬಲಗೈಗೆ ಬದಲಾಯಿಸಿಕೊಂಡ. ಮುಂದೆ ಬಂದು, ಊರಿನ ಹಿರಿಯರೆಲ್ಲರ ಎದುರಿಗೆ, ಎಡಗೈ ಚಾಚಿ ತೆಗೆದುಕೊಂಡ. ಅಷ್ಟು ಮರ್ಯಾದೆಗೆಟ್ಟ ಕೊಡುಕೊಳ್ಳುವಿಕೆಯನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಕಣ್ಣು ಒರೆಸಿಕೊಂಡು ಒರೆಸಿಕೊಂಡು ನೋಡಿದೆ.